ಘಾಟನ್ನು ಗುರುತಿಸುವ ಪ್ರೋಟೀನು

ಬ್ಯಾಡಗಿ ಮೆಣಸಿನಕಾಯಿಗೆ ಪ್ರಸಿದ್ಧಿ ಬಂದಿರುವುದು ಅದರ ಬಣ್ಣದಿಂದ. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳಲ್ಲಿ ಬೆಳೆಯುವ, ಒಣಗಿದಾಗ ಮೈತುಂಬ ಸುಕ್ಕುಗಟ್ಟುವ ಈ ಕಾಯಿಯ ಸಿಪ್ಪೆಯಲ್ಲಿ ಕ್ಯಾಪ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯ ಹೇರಳವಾಗಿದ್ದು, ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಮಂದವಾದ ಎಣ್ಣೆಯು ಆಹಾರೋದ್ಯಮದಿಂದ ಹಿಡಿದು ತುಟಿಬಣ್ಣದ ತಯಾರಿಕೆಯವರೆಗೆ ಬಳಕೆಯಾಗುತ್ತದೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗಲೂ ಎತ್ತಿಹಿಡಿಯಲಾದ ಗುಣಗಳಲ್ಲಿ ಬಣ್ಣವೇ ಮುಂದಿತ್ತು. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ರಾಸಾಯನಿಕವು ಗುಂಟೂರಿನ ತಳಿಗಳಿಗೆ ಹೋಲಿಸಿದರೆ ಇದರಲ್ಲಿ ಬಹಳ ಕಡಿಮೆ. ಹೀಗಿದ್ದರೂ ಹಂಗಾಮಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣಕ್ಕೆ ಕಾಲಿಟ್ಟ ಹೊಸಬರು ಕೆಲವೇ ನಿಮಿಷಗಳಲ್ಲಿ ಸೀನಲು, ಕೆಮ್ಮಲು, ಕಣ್ಣೊರೆಸಿಕೊಳ್ಳಲು ತೊಡಗುತ್ತಾರೆ. ಒಂದೊಂದು ಕಾಯಿಯ ಖಾರ ಸೌಮ್ಯವಾಗಿದ್ದರೂ ರಾಶಿರಾಶಿ ಕಾಯಿಯಿಂದ ಏಳುವ ದೂಳಿನಲ್ಲಿ ಅದರ ಪ್ರಮಾಣ ಸಣ್ಣದಲ್ಲ. ಅಲ್ಲಿ ಚೀಲ ಹೊರುವ ಹಮಾಲರು, ಕಾಯಿ ಆರಿಸುವ ಮತ್ತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಈ ಘಾಟಿನಲ್ಲಿಯೇ ದಿನವಿಡೀ ಉಸಿರಾಡುತ್ತಾರೆ.

ಈ ಘಾಟನ್ನು ದೇಹವು ಯಾವುದರಿಂದ ಗುರುತಿಸುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನವು ನೀಡಿದ ಉತ್ತರ ಒಂದೇ ಒಂದು ಪ್ರೋಟೀನಿನ ಕಡೆಗೆ ಬೆರಳು ಮಾಡುತ್ತದೆ. ಆ ಪ್ರೋಟೀನನ್ನು ಅದರ ಸಹಜ ನೆಲೆಯಾದ ನರಕೋಶದಿಂದ ಬಿಡಿಸಿ, ಬೇರೊಂದು ಕೋಶದಲ್ಲಿ ಒಂಟಿಯಾಗಿ ತಯಾರಾಗುವಂತೆ ಮಾಡಿದ ಮೇಲೆಯೇ ಅದು ಸ್ಪಷ್ಟವಾಗಿ ಕಂಡಿತು. ದೇಹದ ರೋಗನಿರೋಧಕ ವ್ಯವಸ್ಥೆಯ ಅರಿವೂ ಇಂದು ಬಹುಮಟ್ಟಿಗೆ ಇದೇ ವಿಧಾನದಿಂದ ಬೆಳೆಯುತ್ತಿದ್ದು, ಸಂಶೋಧನಾಲಯಗಳಲ್ಲಿ ಬಳಕೆಯಾಗುವ ಪುನಃಸಂಯೋಜಿತ ಮಾನವ ಗ್ರಾಹಿ ಪ್ರೋಟೀನುಗಳು ಅದರ ಮುಖ್ಯ ಸಾಧನಗಳಾಗಿವೆ. ಮೆಣಸಿನಕಾಯಿಯ ಗ್ರಾಹಿಯ ಕಥೆಯನ್ನು ತಿಳಿದವರಿಗೆ ಈ ಸಾಧನಗಳ ಮಹತ್ವ ತಾನಾಗಿ ತಿಳಿಯುತ್ತದೆ.

ಗ್ರಾಹಿ ಅಥವಾ ರಿಸೆಪ್ಟರ್ ಎಂದರೆ ಜೀವಕೋಶದ ಹೊದಿಕೆಯಲ್ಲಿ ಹುದುಗಿಕೊಂಡು, ಹೊರಗಿನ ನಿರ್ದಿಷ್ಟ ಅಣುವೊಂದು ತಗುಲಿದಾಗ ಕೋಶದ ಒಳಗೆ ಸುದ್ದಿ ಮುಟ್ಟಿಸುವ ಪ್ರೋಟೀನು. ಕ್ಯಾಪ್ಸೈಸಿನ್‌ಗೆ ಇಂತಹ ಗ್ರಾಹಿಯೊಂದು ಇರಲೇಬೇಕೆಂಬ ಊಹೆ ಹಳೆಯದು. ಹಂಗೇರಿಯ ಸಂಶೋಧಕರು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿಯೇ ಕ್ಯಾಪ್ಸೈಸಿನ್ ನೋವಿನ ನರಗಳನ್ನು ಮಾತ್ರ ಆರಿಸಿಕೊಂಡು ಕೆರಳಿಸುತ್ತದೆಂದೂ, ಮತ್ತೆ ಮತ್ತೆ ಕೊಟ್ಟಾಗ ಅವನ್ನು ಮಂಕಾಗಿಸುತ್ತದೆಂದೂ ತೋರಿಸಿದ್ದರು. ಆದರೆ ಅದರ ಜೀನ್ ಯಾವುದು, ರಚನೆ ಹೇಗಿದೆ ಎಂಬುದರ ಸುಳಿವು ಯಾರಿಗೂ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೂಲಿಯಸ್ ಮತ್ತು ಅವರ ಪ್ರಯೋಗಾಲಯದ ಮೈಕೆಲ್ ಕ್ಯಾಟರಿನಾ ಮೊದಲಾದವರು ಹಿಡಿದ ದಾರಿ ಈ ಅಜ್ಞಾನವನ್ನೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಕ್ರಿಯಾಶೀಲವಾಗಿರುವ ಜೀನ್‌ಗಳ ಪ್ರತಿಗಳನ್ನೆಲ್ಲ ಇಲಿಯಿಂದ ಸಂಗ್ರಹಿಸಿ, ಸುಮಾರು 16,000 ಪ್ರತಿಗಳ ಗುಂಪುಗಳನ್ನಾಗಿ ವಿಂಗಡಿಸಿ, ಕ್ಯಾಪ್ಸೈಸಿನ್‌ಗೆ ಸ್ವತಃ ಸ್ಪಂದಿಸದ ಎಚ್‌ಇಕೆ293 ಎಂಬ ಕೋಶಗಳೊಳಗೆ ಒಂದೊಂದು ಗುಂಪನ್ನು ಸೇರಿಸಿ, ಕ್ಯಾಲ್ಸಿಯಂ ಒಳನುಗ್ಗಿದಾಗ ಹೊಳಪು ಬದಲಿಸುವ ಬಣ್ಣವನ್ನು ತುಂಬಿ, ಮೇಲೆ ಕ್ಯಾಪ್ಸೈಸಿನ್ ಸುರಿದು ನೋಡಿದರು. ಯಾವ ಗುಂಪಿನಲ್ಲಿ ಬೆರಳೆಣಿಕೆಯ ಕೋಶಗಳು ಹೊಳೆದವೋ ಅದನ್ನು ಇನ್ನೂ ಚಿಕ್ಕ ಗುಂಪುಗಳಾಗಿ ಒಡೆದು ಮತ್ತೆ ಪರೀಕ್ಷಿಸಿದರು. ಸಾವಿರಾರು ಚೀಲಗಳಿರುವ ಅಂಗಳದಲ್ಲಿ ಮುಗ್ಗಿದ ಕಾಯಿಯ ವಾಸನೆ ಎಲ್ಲಿಂದ ಬರುತ್ತಿದೆಯೆಂದು ತಿಳಿಯಲು ಮೊದಲು ಲಾಟು, ಆಮೇಲೆ ಸಾಲು, ಕೊನೆಗೆ ಚೀಲ ಎಂದು ಹುಡುಕಾಟವನ್ನು ಕಿರಿದಾಗಿಸುವ ದಲಾಲರ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಕೊನೆಗೆ ಉಳಿದದ್ದು ಒಂದೇ ಜೀನ್, ಅದು ಹೆಣೆಯುವ 838 ಅಮೈನೋ ಆಮ್ಲಗಳ ಒಂದೇ ಪ್ರೋಟೀನು.

ಆ ಪ್ರೋಟೀನಿಗೆ ಇಂದು ಟಿಆರ್‌ಪಿವಿ1 ಎಂದು ಹೆಸರು. ಅದನ್ನು ವರದಿ ಮಾಡಿದ ಲೇಖನ ನೇಚರ್ ಪತ್ರಿಕೆಯಲ್ಲಿ 1997ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಇದೇ ಪ್ರೋಟೀನು ಕ್ಯಾಪ್ಸೈಸಿನ್ ಇಲ್ಲದೆಯೂ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ತೆರೆದುಕೊಳ್ಳುತ್ತದೆ ಎಂಬುದು ಆ ಲೇಖನದ ಇನ್ನೊಂದು ಶೋಧ. ಮೆಣಸಿನಕಾಯಿ ತಿಂದ ಬಾಯಿ ಸುಟ್ಟಂತಾಗುವುದು ಹಾಗಾದರೆ ಭ್ರಮೆಯಲ್ಲ, ಬೆಂಕಿಯ ಸುದ್ದಿಯನ್ನೂ ಖಾರದ ಸುದ್ದಿಯನ್ನೂ ಒಂದೇ ಬಾಗಿಲು ಮಿದುಳಿಗೆ ಕಳುಹಿಸುವುದರ ಫಲ. ಈ ಕೆಲಸಕ್ಕಾಗಿ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೌಟಿಯನ್ ಅವರೊಂದಿಗೆ ಹಂಚಿಕೊಂಡರು.

ಹೊಲದಲ್ಲಿ ಮೆಣಸಿನಕಾಯಿಯನ್ನು ಗಿಳಿಗಳು ನಿರಾಯಾಸವಾಗಿ ತಿನ್ನುವುದನ್ನು ರೈತರೆಲ್ಲರೂ ನೋಡಿರುತ್ತಾರೆ. ಇದರ ಕಾರಣವೂ ಅದೇ ಪ್ರಯೋಗಾಲಯದಿಂದ 2002ರಲ್ಲಿ ಹೊರಬಂದಿತು. ಕೋಳಿಯ ಟಿಆರ್‌ಪಿವಿ1 ಪ್ರೋಟೀನನ್ನು ಎಚ್‌ಇಕೆ ಕೋಶಗಳಲ್ಲಿ ತಯಾರಿಸಿ ನೋಡಿದಾಗ ಅದು ಶಾಖಕ್ಕೆ ಸ್ಪಂದಿಸಿತು, ಕ್ಯಾಪ್ಸೈಸಿನ್‌ಗೆ ಸ್ಪಂದಿಸಲಿಲ್ಲ. ಇಲಿಯ ಜೀನಿನ ಒಂದು ತುಣುಕನ್ನು ಕತ್ತರಿಸಿ ಕೋಳಿಯ ಜೀನಿಗೆ ಜೋಡಿಸಿದಾಗ ಕೋಳಿಯ ಪ್ರೋಟೀನೂ ಖಾರವನ್ನು ಗುರುತಿಸತೊಡಗಿತು. ಹೀಗೆ ಖಾರದ ಅಣು ಪ್ರೋಟೀನಿನ ಯಾವ ಭಾಗಕ್ಕೆ ತಗುಲುತ್ತದೆ ಎಂಬುದು ಖಚಿತವಾಯಿತು. ಬೀಜವನ್ನು ಜಗಿದು ಹಾಳುಮಾಡುವ ಸಸ್ತನಿಗಳನ್ನು ದೂರವಿಟ್ಟು, ಅದನ್ನು ಇಡಿಯಾಗಿ ನುಂಗಿ ದೂರ ಹರಡುವ ಹಕ್ಕಿಗಳನ್ನು ಗಿಡ ಆಹ್ವಾನಿಸುವ ಬಗೆಯೂ ಇದರಿಂದ ತಿಳಿಯಿತು. ಗಿಳಿಯ ಬಾಯಿಯೊಳಗೆ ಇಣುಕದೆ, ಎರಡು ಜೀವಿಗಳ ಜೀನ್ ತುಣುಕುಗಳನ್ನು ಮೂರನೆಯ ಕೋಶವೊಂದರಲ್ಲಿ ಜೋಡಿಸಿ ಪಡೆದ ಉತ್ತರವಿದು.

ಒಂದು ಜೀವಿಯ ಜೀನನ್ನು ಇನ್ನೊಂದರ ಕೋಶದಲ್ಲಿ ಸೇರಿಸಿ, ಆ ಕೋಶವೇ ಅನ್ಯ ಪ್ರೋಟೀನನ್ನು ತಯಾರಿಸುವಂತೆ ಮಾಡುವ ಈ ವಿದ್ಯೆಯೇ ಪುನಃಸಂಯೋಜಿತ ಡಿಎನ್‌ಎ ತಂತ್ರ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಹುಟ್ಟಿದ ಈ ತಂತ್ರದಿಂದ ತಯಾರಾದ ಮಾನವ ಇನ್ಸುಲಿನ್ 1982ರಲ್ಲಿ ಔಷಧವಾಗಿ ಮಾನ್ಯವಾಯಿತು. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನ ಹೊಲಗಳಲ್ಲಿ ಹೂವಿನ ಕೇಸರ ಕಿತ್ತು ಪರಾಗ ತೀಡಿ ಮಾಡುವ ಸಂಕರಣಕ್ಕಿಂತ ಇದು ಭಿನ್ನ. ಸಂಕರಣದಲ್ಲಿ ಹತ್ತಿರದ ಬಂಧುಗಳ ಇಡೀ ಜೀನ್‌ಸಮೂಹಗಳು ಬೆರೆಯುತ್ತವೆ, ಇಲ್ಲಿ ಆಯ್ದ ಒಂದೇ ಜೀನ್ ಯಾವುದೇ ಬಂಧುತ್ವವಿಲ್ಲದ ಜೀವಿಗೆ ದಾಟುತ್ತದೆ. ಆದರೆ ಹಾವೇರಿ ಜಿಲ್ಲೆಯ ರೈತರಿಗೆ ಈ ಎರಡನೆಯದೂ ಅಪರಿಚಿತವಲ್ಲ. 2002ರಲ್ಲಿ ಬೇಸಾಯಕ್ಕೆ ಅನುಮತಿ ಪಡೆದ ಬಿಟಿ ಹತ್ತಿಯು ಮಣ್ಣಿನ ಬ್ಯಾಕ್ಟೀರಿಯವೊಂದರ ಜೀನನ್ನು ಹೊತ್ತು ಕ್ರೈ1ಎಸಿ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಕಾಯಿಕೊರಕ ಹುಳು ಅದನ್ನು ತಿಂದಾಗ ಆ ಪ್ರೋಟೀನು ಹುಳುವಿನ ಕರುಳಗೋಡೆಯ ಕ್ಯಾಡೆರಿನ್ ಎಂಬ ಗ್ರಾಹಿಯನ್ನು ಹಿಡಿದೇ ತನ್ನ ಕೆಲಸ ಆರಂಭಿಸುತ್ತದೆ. ಗುಲಾಬಿ ಕಾಯಿಕೊರಕವು ಮುಂದೆ ಬಿಟಿ ಹತ್ತಿಯನ್ನೂ ಜೀರ್ಣಿಸಿಕೊಳ್ಳುವಂತಾದಾಗ, ಭಾರತದ ಹೊಲಗಳಿಂದ ಹಿಡಿದ ಹುಳುಗಳಲ್ಲಿ ಆ ಕ್ಯಾಡೆರಿನ್ ಜೀನೇ ಕೆಟ್ಟಿರುವುದು ಪತ್ತೆಯಾಯಿತು. ಗ್ರಾಹಿ ಬದಲಾದರೆ ವಿಷ ವ್ಯರ್ಥವಾಗುತ್ತದೆ ಎಂಬುದಕ್ಕೆ ಉತ್ತರ ಕರ್ನಾಟಕದ ಹತ್ತಿ ಬೆಳೆಗಾರರು ತೆತ್ತ ಬೆಲೆ ದೊಡ್ಡದು, ಆ ನಷ್ಟದ ಲೆಕ್ಕದಲ್ಲಿ ಈ ಅಣುವಿನ ಪಾಲನ್ನು ಯಾರೂ ಅವರಿಗೆ ವಿವರಿಸಿ ಹೇಳದಿದ್ದುದು ಖೇದಕರ.

ರೋಗನಿರೋಧಕ ವ್ಯವಸ್ಥೆಯ ಗ್ರಾಹಿಗಳ ವಿಷಯಕ್ಕೆ ಬಂದರೆ ಕರ್ನಾಟಕಕ್ಕೆ ನೇರ ಸಂಬಂಧವಿರುವ ಒಂದನ್ನು ಉದಾಹರಣೆಯಾಗಿ ಆರಿಸಿಕೊಳ್ಳಬಹುದು. ರಕ್ತದ ಬಿಳಿಕಣಗಳಲ್ಲಿ ಟಿ ಕೋಶಗಳೆಂಬ ಒಂದು ವರ್ಗವಿದ್ದು, ಸೋಂಕಿಗೆ ಸಿಲುಕಿದ ಕೋಶಗಳನ್ನು ಗುರುತಿಸಿ ಉಳಿದ ರಕ್ಷಣಾಕೋಶಗಳನ್ನು ಎಚ್ಚರಿಸುವುದು ಅವುಗಳ ಕೆಲಸ. ಆ ಟಿ ಕೋಶಗಳ ಮೈಮೇಲೆ ಸಿಡಿ6 ಎಂಬ ಗ್ರಾಹಿಯಿದೆ. ಒಟ್ಟು 668 ಅಮೈನೋ ಆಮ್ಲಗಳ ಈ ಪ್ರೋಟೀನಿನ ಮೊದಲ ಸುಮಾರು 400 ಕೋಶದ ಹೊರಗೆ ಚಾಚಿಕೊಂಡು, ಒಂದರ ಕೆಳಗೊಂದರಂತೆ ಮೂರು ಮಡಿಕೆಗಳಾಗಿ ಸುತ್ತಿಕೊಂಡಿವೆ. ನಡುವಿನ ಚಿಕ್ಕ ಭಾಗ ಹೊದಿಕೆಯನ್ನು ಒಮ್ಮೆ ಮಾತ್ರ ಹಾಯುತ್ತದೆ, ಉಳಿದದ್ದು ಕೋಶದೊಳಗೆ ಬಾಲದಂತಿದೆ. ಎದುರಿನ ಕೋಶಗಳ ಮೇಲಿರುವ ಎಎಲ್‌ಸಿಎಎಂ ಎಂಬ ಪ್ರೋಟೀನು ಮೂರನೆಯ ಮಡಿಕೆಗೆ ಅಂಟಿಕೊಂಡಾಗ ಟಿ ಕೋಶದ ಪ್ರಚೋದನೆಯ ಹದ ಬದಲಾಗುತ್ತದೆ. ಈ ಹದ ತಪ್ಪಿದರೆ ರಕ್ಷಣೆಗೆಂದು ಇರುವ ಕೋಶಗಳು ಸ್ವಂತ ದೇಹದ ಮೇಲೆಯೇ ತಿರುಗಿ ಬೀಳಬಹುದು. ಚರ್ಮದ ಮೇಲೆ ಕೆಂಪಗೆ ದಪ್ಪ ಪದರು ಕಟ್ಟುವ ಸೋರಿಯಾಸಿಸ್ ಅಂತಹ ಒಂದು ಬೇನೆ.

ಇಂತಹ ಗ್ರಾಹಿಯನ್ನು ರಕ್ತದಿಂದಲೇ ಬೇರ್ಪಡಿಸಲು ಹೊರಟರೆ ಸಿಗುವುದು ಅತ್ಯಲ್ಪ, ಅದರೊಂದಿಗೆ ನೂರಾರು ಬೇರೆ ಪ್ರೋಟೀನುಗಳೂ ಬರುತ್ತವೆ. ಆದ್ದರಿಂದ ಸಿಡಿ6 ಜೀನಿನ ಹೊರಚಾಚಿದ ಭಾಗವನ್ನು ಸೂಚಿಸುವ ಅಂಶವನ್ನಷ್ಟೇ ಆಯ್ದು, ಹೊದಿಕೆಯಲ್ಲಿ ಹುದುಗುವ ಭಾಗವನ್ನು ಬಿಟ್ಟು, ಕೊನೆಗೆ ಆರು ಹಿಸ್ಟಿಡೀನ್ ಅಮೈನೋ ಆಮ್ಲಗಳ ಒಂದು ಬಾಲವನ್ನು ಕಟ್ಟಿ, ಪ್ಲಾಸ್ಮಿಡ್ ಎಂಬ ವರ್ತುಲಾಕಾರದ ಡಿಎನ್‌ಎಯಲ್ಲಿ ಸೇರಿಸಲಾಗುತ್ತದೆ. ಲಂಗರು ಕಳಚಿದ ಈ ಪ್ರೋಟೀನು ಕೋಶದ ಮೈಗೆ ಅಂಟಿಕೊಳ್ಳದೆ ಸುತ್ತಲಿನ ಪೋಷಕ ದ್ರವಕ್ಕೆ ಬಂದು ಸೇರುತ್ತದೆ. ಹೊದಿಕೆಯನ್ನು ಹಲವು ಬಾರಿ ಹಾಯ್ದು ಹೆಣೆದುಕೊಂಡಿರುವ, ನಾಲ್ಕು ಪ್ರತಿಗಳು ಕೂಡಿ ಒಂದು ರಂಧ್ರವಾಗುವ ಟಿಆರ್‌ಪಿವಿ1 ಪ್ರೋಟೀನಿಗೆ ಈ ಸೌಲಭ್ಯವಿಲ್ಲ. ಅದನ್ನು ಕೋಶದಲ್ಲಿಟ್ಟೇ ನೋಡಬೇಕು, ಇಲ್ಲವೆ ಕೃತಕ ಆಸರೆಯೊಂದರಲ್ಲಿ ನೆಲೆಗೊಳಿಸಬೇಕು. 2013ರಲ್ಲಿ ಅದರ ರಚನೆಯನ್ನು ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಹುತೇಕ ಪರಮಾಣು ಮಟ್ಟದ ಸೂಕ್ಷ್ಮತೆಯಲ್ಲಿ ಕಾಣಲು ಸಾಧ್ಯವಾದಾಗ ಅದನ್ನು ಇಡೀ ರಚನಾ ಜೀವವಿಜ್ಞಾನದ ತಿರುವೆಂದು ಪರಿಗಣಿಸಿದ್ದು ಈ ಕಷ್ಟದಿಂದಾಗಿ.

ಕಾರ್ಖಾನೆಯ ಪಾತ್ರ ವಹಿಸುವ ಕೋಶದ ಆಯ್ಕೆ ಇಲ್ಲಿ ನಿರ್ಣಾಯಕ. ಇ. ಕೋಲಿ ಬ್ಯಾಕ್ಟೀರಿಯ ಅಗ್ಗ, ವೇಗವೂ ಹೆಚ್ಚು, ಇನ್ಸುಲಿನ್‌ನಂತಹ ಸಣ್ಣ ಪ್ರೋಟೀನಿಗೆ ಅದು ಸಾಕು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್‌ಗೆ ಪಿಕಿಯಾ ಎಂಬ ಯೀಸ್ಟ್ ಆಸರೆಯಾಯಿತು. ಆದರೆ ಸಿಡಿ6 ಪ್ರೋಟೀನಿನ ಮಡಿಕೆಗಳನ್ನು ಹಿಡಿದಿಡುವ ಗಂಧಕದ ಬಂಧಗಳು ಸರಿಯಾಗಿ ಕೂಡಬೇಕಾದರೆ, ಮತ್ತು ಅದರ ಮೈಮೇಲೆ ಸಕ್ಕರೆಯ ಸರಪಳಿಗಳು ಮಾನವ ದೇಹದಲ್ಲಿರುವಂತೆ ಜೋಡಣೆಯಾಗಬೇಕಾದರೆ ಸಸ್ತನಿಯ ಕೋಶಗಳೇ ಬೇಕು. ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ 1957ರಲ್ಲಿ ಬಂದ ಸಿಎಚ್‌ಒ ಕೋಶಗಳು ಔಷಧೋದ್ಯಮದ ಆಧಾರವಾಗಿದ್ದರೆ, ಸಂಶೋಧನೆಯ ಅಳತೆಯ ತಯಾರಿಕೆಗೆ ಎಚ್‌ಇಕೆ293 ಹೆಚ್ಚು ಬಳಕೆಯಲ್ಲಿದೆ. ಮಾನವ ಭ್ರೂಣದ ಮೂತ್ರಪಿಂಡದಿಂದ ನೆದರ್ಲೆಂಡ್ಸ್‌ನ ಲೈಡೆನ್‌ನಲ್ಲಿ 1973ರ ಸುಮಾರಿಗೆ ಫ್ರ್ಯಾಂಕ್ ಗ್ರಹಾಂ ಬೆಳೆಸಿದ, ತಮ್ಮ 293ನೆಯ ಪ್ರಯೋಗದ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟ ಕೋಶಗಳಿವು. ಖಾರದ ಗ್ರಾಹಿಯನ್ನು ಹೆಕ್ಕಿಕೊಟ್ಟ ಕೋಶಗಳೂ ಇವೇ.

ಪ್ಲಾಸ್ಮಿಡ್ ಪಡೆದ ಕೋಶಗಳನ್ನು ದೇಹದ ಉಷ್ಣತೆಯಲ್ಲಿ ಕೆಲವು ದಿನ ಬೆಳೆಸಿ, ದ್ರವವನ್ನು ಸೋಸಿ, ನಿಕಲ್ ಲೇಪಿತ ಮಣಿಗಳ ಕೊಳವೆಯ ಮೂಲಕ ಹರಿಸಿದಾಗ ಹಿಸ್ಟಿಡೀನ್ ಬಾಲವಿರುವ ಪ್ರೋಟೀನು ಮಾತ್ರ ನಿಕಲ್‌ಗೆ ಕಚ್ಚಿಕೊಂಡು ಉಳಿದೆಲ್ಲವೂ ತೊಳೆದುಹೋಗುತ್ತದೆ. ಜೆಲ್ ಮೇಲೆ ಓಡಿಸಿ ನೋಡಿದರೆ ಸಕ್ಕರೆಯ ಸರಪಳಿಗಳಿಂದಾಗಿ ಅದು ಅಮೈನೋ ಆಮ್ಲಗಳ ಲೆಕ್ಕ ಹೇಳುವುದಕ್ಕಿಂತ ಭಾರವಾಗಿ ಕಾಣುತ್ತದೆ. ಪುಟ್ಟ ಸೀಸೆಯಲ್ಲಿ ಮೈಕ್ರೋಗ್ರಾಂಗಳ ಅಳತೆಯಲ್ಲಿ, ಶೀತದಲ್ಲಿ ಒಣಗಿಸಿದ ಪುಡಿಯಾಗಿ ಅದು ಸಂಶೋಧಕರ ಕೈಸೇರುತ್ತದೆ. ಸಂಶೋಧನೆಗೆ ಮಾತ್ರ, ಚಿಕಿತ್ಸೆಗಲ್ಲ ಎಂಬ ಸೂಚನೆ ಸೀಸೆಯ ಮೇಲಿರುತ್ತದೆ. ಆದರೆ ಶುದ್ಧವಾಗಿ ಕಂಡದ್ದೆಲ್ಲ ಶುದ್ಧವಲ್ಲ. ಬ್ಯಾಕ್ಟೀರಿಯದ ಹೊರಗೋಡೆಯ ಎಂಡೋಟಾಕ್ಸಿನ್ ಎಂಬ ವಸ್ತು ಲೇಶಮಾತ್ರ ಉಳಿದಿದ್ದರೂ ರಕ್ಷಣಾಕೋಶಗಳ ಮೇಲಿನ ಟಿಎಲ್‌ಆರ್4 ಎಂಬ ಮತ್ತೊಂದು ಗ್ರಾಹಿಯನ್ನು ಕೆರಳಿಸಿ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತದೆ, ಸಂಶೋಧಕರು ಅದನ್ನು ತಮ್ಮ ಪ್ರೋಟೀನಿನ ಪ್ರಭಾವವೆಂದೇ ಬಗೆಯುತ್ತಾರೆ. ಶಾಖಾಘಾತ ಪ್ರೋಟೀನುಗಳು ರಕ್ಷಣಾಕೋಶಗಳನ್ನು ಪ್ರಚೋದಿಸುತ್ತವೆಂಬ ಹಲವು ವರದಿಗಳು, ಬಳಸಿದ ಪುನಃಸಂಯೋಜಿತ ಪ್ರೋಟೀನಿನಲ್ಲಿ ಬೆರೆತಿದ್ದ ಎಂಡೋಟಾಕ್ಸಿನ್‌ನಿಂದಾಗಿ ಬಂದವೆಂದು ಆಮೇಲೆ ತಿಳಿದುಬಂದಿತು. ಕುದುರೆಲಾಳದ ಏಡಿಯ ನೀಲಿ ರಕ್ತದಿಂದ ತಯಾರಿಸಿದ ಪರೀಕ್ಷಾದ್ರವದಿಂದ ಪ್ರತಿ ಕಂತನ್ನೂ ಅಳೆದು ನೋಡುವ ಕ್ರಮವನ್ನು ಯಾವ ಪ್ರಯೋಗಾಲಯವೂ ಖರ್ಚಿನ ನೆಪದಿಂದ ಕೈಬಿಡಬಾರದು; ಒಂದು ತಪ್ಪು ನಿರ್ಣಯವನ್ನು ಸಾಹಿತ್ಯದಿಂದ ಅಳಿಸಲು ಅದಕ್ಕಿಂತ ಹೆಚ್ಚು ವೆಚ್ಚವಾಗುತ್ತದೆ.

ಸಿಡಿ6 ಪ್ರೋಟೀನಿನ ಮೂರು ಮಡಿಕೆಗಳನ್ನು ಹೀಗೆ ಪುನಃಸಂಯೋಜಿತ ರೂಪದಲ್ಲಿ ತಯಾರಿಸಿ ನೋಡಿದುದರಿಂದಲೇ ಯಾವ ಪ್ರತಿಕಾಯ ಯಾವ ಮಡಿಕೆಯನ್ನು ಹಿಡಿಯುತ್ತದೆ ಎಂಬುದನ್ನು ತಿಳಿಯಲಾಯಿತು. ಪ್ರತಿಕಾಯವೆಂದರೆ ಒಂದೇ ಗುರಿಗೆ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನು. ಕ್ಯೂಬಾದ ಹವಾನಾದ ಆಣ್ವಿಕ ರೋಗನಿರೋಧಶಾಸ್ತ್ರ ಕೇಂದ್ರದಲ್ಲಿ ಇಲಿಯಿಂದ ಪಡೆದು, ಬಳಿಕ ಮಾನವ ದೇಹಕ್ಕೆ ಒಗ್ಗುವಂತೆ ಮಾರ್ಪಡಿಸಿದ ಪ್ರತಿಕಾಯವೊಂದು ಸಿಡಿ6ರ ಮೊದಲನೆಯ ಮಡಿಕೆಯನ್ನು ಹಿಡಿಯುತ್ತದೆ. ಇಟೋಲಿಜುಮ್ಯಾಬ್ ಎಂಬ ಈ ಪ್ರತಿಕಾಯವನ್ನು 1978ರಲ್ಲಿ ಕಿರಣ್ ಮಜುಂದಾರ್ ಷಾ ಬೆಂಗಳೂರಿನಲ್ಲಿ ಸ್ಥಾಪಿಸಿದ ಬಯೋಕಾನ್ ಸಂಸ್ಥೆಯು ಹವಾನಾದ ಕೇಂದ್ರದೊಂದಿಗೆ ಕೂಡಿ ಅಭಿವೃದ್ಧಿಪಡಿಸಿ, 2013ರಲ್ಲಿ ಸೋರಿಯಾಸಿಸ್ ಚಿಕಿತ್ಸೆಗಾಗಿ ಭಾರತದಲ್ಲಿ ಬಿಡುಗಡೆ ಮಾಡಿತು. ಕರ್ನಾಟಕದಲ್ಲಿ ಎಂಜೈಮುಗಳ ತಯಾರಿಕೆಯಿಂದ ಆರಂಭಗೊಂಡ ಸಂಸ್ಥೆಯೊಂದು ಮಾನವ ಗ್ರಾಹಿಯನ್ನು ಗುರಿಯಾಗಿಸಿದ ಹೊಸ ಔಷಧಕ್ಕೆ ತಲುಪಿದುದು ಗಣ್ಯ ಸಾಧನೆ. ಇದೇ ಔಷಧಕ್ಕೆ 2020ರ ಜುಲೈಯಲ್ಲಿ, ಕೋವಿಡ್‌ನಿಂದ ಶ್ವಾಸಕೋಶಕ್ಕೆ ಹಾನಿಯಾದ ರೋಗಿಗಳಲ್ಲಿ ತುರ್ತು ಮತ್ತು ನಿರ್ಬಂಧಿತ ಬಳಕೆಗಾಗಿ ಕೇಂದ್ರದ ಔಷಧ ನಿಯಂತ್ರಕರು ಅನುಮತಿ ನೀಡಿದಾಗ ಆಧಾರವಾಗಿದ್ದುದು ಕೇವಲ 30 ರೋಗಿಗಳ ಪರೀಕ್ಷೆ. ಅಷ್ಟು ಚಿಕ್ಕ ಸಂಖ್ಯೆಯಿಂದ ಜೀವ ಉಳಿಸುವ ಗುಣವನ್ನು ನಿರ್ಣಯಿಸಲಾಗದೆಂಬ ವೈದ್ಯರ ಟೀಕೆ ನ್ಯಾಯವಾದದ್ದೇ. ಸೀಸೆಯಲ್ಲಿರುವ ಗ್ರಾಹಿಗೆ ಪ್ರತಿಕಾಯ ಅಂಟಿಕೊಳ್ಳುತ್ತದೆ ಎಂಬುದು ಎಷ್ಟು ಖಚಿತವಾಗಿದ್ದರೂ ರೋಗಿ ಗುಣವಾಗುತ್ತಾರೆಯೇ ಎಂಬುದಕ್ಕೆ ಬೇರೆ ಪುರಾವೆ ಬೇಕು.

ಖಾರದ ಗ್ರಾಹಿ ಮತ್ತು ರಕ್ಷಣೆಯ ಗ್ರಾಹಿ ಎಂಬ ಈ ಎರಡು ಕವಲುಗಳು ಕಳೆದ ದಶಕದ ಸಂಶೋಧನೆಯಲ್ಲಿ ಒಂದನ್ನೊಂದು ಸಂಧಿಸಿವೆ. ಟಿಆರ್‌ಪಿವಿ1 ಇರುವ ನೋವಿನ ನರತುದಿಗಳು ಮಿದುಳಿಗೆ ಸುದ್ದಿ ಕಳಿಸುವುದರ ಜೊತೆಗೆ, ತಾವಿರುವ ಜಾಗದಲ್ಲಿಯೇ ಸಿಜಿಆರ್‌ಪಿ, ಸಬ್‌ಸ್ಟನ್ಸ್ ಪಿ ಮುಂತಾದ ಕಿರು ಪ್ರೋಟೀನುಗಳನ್ನು ಸ್ರವಿಸಿ ರಕ್ತನಾಳಗಳನ್ನು ಹಿಗ್ಗಿಸುತ್ತವೆ ಮತ್ತು ರಕ್ಷಣಾಕೋಶಗಳ ನಡತೆಯನ್ನು ಬದಲಿಸುತ್ತವೆ. ಸೋರಿಯಾಸಿಸ್ ಹೋಲುವ ಚರ್ಮದ ಉರಿಯೂತವನ್ನು ಉಂಟುಮಾಡಿದ ಇಲಿಗಳಲ್ಲಿ ಈ ನರತುದಿಗಳನ್ನು ಮೊದಲೇ ಇಲ್ಲವಾಗಿಸಿದರೆ ಉರಿಯೂತ ಬಹಳಷ್ಟು ತಗ್ಗುತ್ತದೆಂದು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ವರ್ಷ ಇನ್ನೊಂದು ಗುಂಪು ಟಿಆರ್‌ಪಿವಿ1 ಪ್ರೋಟೀನು ಟಿ ಕೋಶಗಳಲ್ಲಿಯೇ ಇದ್ದು, ಅವು ಪ್ರಚೋದನೆಗೊಳ್ಳುವಾಗ ಕ್ಯಾಲ್ಸಿಯಂ ಒಳಬರಲು ನೆರವಾಗುತ್ತದೆಂದು ವರದಿ ಮಾಡಿತು. ಹಾಗಾಗಿ ಖಾರದ ಗ್ರಾಹಿಯನ್ನು ಬರಿಯ ನಾಲಿಗೆಯ ವಿಷಯವೆಂದು ಇನ್ನು ಭಾವಿಸುವಂತಿಲ್ಲ. ಅದನ್ನು ಪೂರ್ತಿ ಮುಚ್ಚಿಬಿಡುವ ಔಷಧಗಳ ಪ್ರಯತ್ನವೂ ಸುಗಮವಾಗಲಿಲ್ಲ. ಅಂತಹ ಕೆಲವು ಔಷಧಗಳನ್ನು ಪಡೆದ ಸ್ವಯಂಸೇವಕರ ಮೈಬಿಸಿ ಏರಿ ಪರೀಕ್ಷೆಗಳನ್ನು ನಿಲ್ಲಿಸಬೇಕಾಯಿತು. ತದ್ವಿರುದ್ಧವಾಗಿ ಕ್ಯಾಪ್ಸೈಸಿನ್‌ನ ಗಾಢ ಲೇಪವಿರುವ ಪಟ್ಟಿಯನ್ನು ಚರ್ಮಕ್ಕೆ ಹಚ್ಚಿ ನರತುದಿಗಳನ್ನು ಮಂಕಾಗಿಸುವ ಚಿಕಿತ್ಸೆ, ಸರ್ಪಸುತ್ತಿನ ನಂತರ ಉಳಿಯುವ ನೋವಿಗಾಗಿ 2009ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು.

ಈ ಅರಿವನ್ನೆಲ್ಲ ಮೆಣಸಿನಕಾಯಿಯ ನಡುವೆ ದುಡಿಯುವವರ ಎದೆಯ ಆರೋಗ್ಯಕ್ಕೆ ಬಳಸಲು ಸಾಧ್ಯವಿದೆ, ಬಳಸಲೇಬೇಕು. ಮೆಣಸಿನ ದೂಳಿನಲ್ಲಿ ದುಡಿಯುವವರಲ್ಲಿ ಕೆಮ್ಮು ಹೆಚ್ಚೆಂಬುದನ್ನು ಅಮೆರಿಕದ ವೈದ್ಯರು 1991ರಷ್ಟು ಹಿಂದೆಯೇ ದಾಖಲಿಸಿದ್ದಾರೆ. ಕಾಯಿಯ ಬಣ್ಣವನ್ನು ಎಎಸ್‌ಟಿಎ ಮಾನದಿಂದ ಅಳೆದು ದರ ಕಟ್ಟುವ ವ್ಯಾಪಾರಕ್ಕೆ ಗಾಳಿಯ ಘಾಟನ್ನು ಅಳೆಯುವುದು ನಿಲುಕದ ಕೆಲಸವಲ್ಲ. ಪ್ರಾಂಗಣದ ಬೇರೆ ಬೇರೆ ಮೂಲೆಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಸೋಸುಹಾಳೆಯ ಮೇಲೆ ದೂಳನ್ನು ಹಿಡಿದು, ಅದರ ಸಾರವನ್ನು ಮಾನವ ಟಿಆರ್‌ಪಿವಿ1 ಜೀನ್ ಹೊತ್ತ ಎಚ್‌ಇಕೆ ಕೋಶಗಳ ಮೇಲೆ ಹಾಕಿದರೆ, ಕೋಶಗಳಲ್ಲಿ ತುಂಬಿದ ಬಣ್ಣ ಹೊಳೆಯುವ ಮಟ್ಟದಿಂದ ಘಾಟಿನ ಪ್ರಮಾಣ ಸಿಗುತ್ತದೆ. ಈ ಗ್ರಾಹಿಯನ್ನು ತಡೆಯುವ ಕ್ಯಾಪ್ಸಾಜೆಪಿನ್ ಸೇರಿಸಿದಾಗ ಹೊಳಪು ನಿಂತರೆ ಅದು ಖಾರದ್ದೇ ಎಂಬುದು ಖಾತ್ರಿಯಾಗುತ್ತದೆ. ನೆಲದ ಮೇಲೆ ಒಣಗುವ ಕಾಯಿಯ ದೂಳಿನಲ್ಲಿ ಬ್ಯಾಕ್ಟೀರಿಯದ ಎಂಡೋಟಾಕ್ಸಿನ್ ಕೂಡ ಬೆರೆತಿರಬಹುದಾದ್ದರಿಂದ ಅದೇ ಸಾರವನ್ನು ಮಾನವ ಟಿಎಲ್‌ಆರ್4 ಜೀನ್ ಹೊತ್ತ ಮತ್ತೊಂದು ತಂಡದ ಕೋಶಗಳ ಮೇಲೂ ಪರೀಕ್ಷಿಸಬೇಕು. ಹಾವೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಧಾರವಾಡದ ವಿಶ್ವವಿದ್ಯಾಲಯಗಳೂ ದೂರವಿಲ್ಲ. ಕೋಶಗಳನ್ನು ಬೆಳೆಸುವ ಕೋಣೆ ಮತ್ತು ಹೊಳಪನ್ನು ಓದುವ ಉಪಕರಣ ಇದ್ದಲ್ಲಿ ಈ ಕೆಲಸ ನಡೆಯುತ್ತದೆ. ಮೊದಲ ತಂಡದ ಕೋಶಗಳು ಹೆಚ್ಚು ಹೊಳೆದರೆ ತೊಟ್ಟು ಬಿಡಿಸುವ ಜಾಗಕ್ಕೆ ಗಾಳಿ ಹೊರದೂಡುವ ವ್ಯವಸ್ಥೆ ಮತ್ತು ಸರಿಯಾದ ಮುಖಗವಸು ತುರ್ತಾಗುತ್ತವೆ. ಎರಡನೆಯ ತಂಡ ಹೆಚ್ಚು ಸ್ಪಂದಿಸಿದರೆ ಕಾಯಿ ಒಣಗಿಸುವ ಕಣದ ಶುಚಿ ಮತ್ತು ದಾಸ್ತಾನಿನ ತೇವದ ಕಡೆಗೆ ಮೊದಲು ಗಮನ ಹರಿಸಬೇಕಾಗುತ್ತದೆ.